ಗ್ಯಾಂಬಿಟ್: ಚದುರಂಗದ ಅಡ್ಡಗಾಲು

2025ರ ಜುಲೈ 26. ಜಾರ್ಜಿಯಾ ದೇಶದ ಬಟುಮಿಯಲ್ಲಿ ಮಹಿಳಾ ಚೆಸ್ ವಿಶ್ವಕಪ್ ಫೈನಲ್‌ನ ಮೊದಲ ಆಟ. ಬಿಳಿ ಕಾಯಿ 19 ವರ್ಷದ ದಿವ್ಯಾ ದೇಶ್‌ಮುಖ್ ಅವರದು, ಕಪ್ಪು 38ರ ಕೋನೇರು ಹಂಪಿ ಅವರದು. ಆಟ ಶುರುವಾದ ರೀತಿಗೆ ಕ್ವೀನ್ಸ್ ಗ್ಯಾಂಬಿಟ್ ಆಕ್ಸೆಪ್ಟೆಡ್ ಅಂತ ಹೆಸರು.

ಗ್ಯಾಂಬಿಟ್ ಅಂದರೆ ಆಟದ ಶುರುವಿನಲ್ಲೇ ಎದುರಾಳಿಗೆ ಕಾಯಿ ಒಡ್ಡುವ ತಂತ್ರ. ಅದರ ಮೂಲ ಇಟಾಲಿಯನ್ ಮಾತು. ಕುಸ್ತಿಯಲ್ಲಿ ಎದುರಾಳಿಗೆ ಕಾಲು ಕೊಟ್ಟು ಬೀಳಿಸುವುದು ಅಂತ ಅರ್ಥ. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರಲ್ಲಿ ಅದನ್ನು ಚೆಸ್‌ಗೆ ತಂದರು. ನಮ್ಮ ‘ಅಡ್ಡಗಾಲು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ‘ಬಲಿ’ ಅಂತ ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಕಾಯಿ ಸುಮ್ನೆ ಕೊಡುವುದಲ್ಲ ಇದು, ಎಡವಲಿ ಅಂತ ಕೊಡುವುದು.

ಬೋರ್ಡ್ ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಎ, ಬಿ, ಸಿ ಅಂತ, ಅಡ್ಡ ಸಾಲುಗಳು ಕೆಳಗಿನಿಂದ 1, 2, 3 ಅಂತ. ಬಿಳಿ ಕಾಲಾಳು ಡಿ4ಕ್ಕೆ, ಕಪ್ಪು ಕಾಲಾಳು ಡಿ5ಕ್ಕೆ. ಬಿಳಿ ಸಿ4: ಕಾವಲಿಲ್ಲದ ಕಾಲಾಳು, ಬೇಕಾದರೆ ಹೊಡಿ ಅಂತ. ಹೊಡೆದರೆ ‘ಆಕ್ಸೆಪ್ಟೆಡ್’, ಬಿಟ್ಟರೆ ‘ಡಿಕ್ಲೈನ್ಡ್’. ಹೊಡೆದ ಕಪ್ಪು ಕಾಲಾಳು ನಡುಮನೆ ಬಿಟ್ಟು ಪಕ್ಕಕ್ಕೆ ಸರಿಯಿತು. ಬಿಳಿಗೆ ಬೇಕಿದ್ದದ್ದು ಅದೇ.

ಈಗ ಬಿಳಿ ಇ3 ಆಡಿತು. ಸಿಕ್ಕಿದ ಕಾಲಾಳನ್ನು ಉಳಿಸಿಕೊಳ್ಳೋಣ ಅಂತ ಕಪ್ಪು ಬಿ5 ಆಡಿತು ಅನ್ನಿ. ಬಿಳಿ ಎ4, ಕಪ್ಪು ಸಿ6. ಬಿಳಿ ಬಿ5ರಲ್ಲಿ ಹೊಡೆಯುತ್ತದೆ, ಕಪ್ಪು ಸಿ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ. ಆಗ ಬಿಳಿ ರಾಣಿ ಎಫ್3ಕ್ಕೆ ಬರುತ್ತಾಳೆ. ಅಲ್ಲಿಂದ ಓರೆಯಾಗಿ ನೋಡಿ. ಎ8ರ ಮೂಲೆಯ ಆನೆವರೆಗೂ ದಾರಿ ಪೂರಾ ಖಾಲಿ! ಆನೆ ಉಳಿಸಲು ಹೋದರೆ ಅಡ್ಡ ಇಟ್ಟ ಕುದುರೆಯೋ ಒಂಟೆಯೋ ಹೋಗುತ್ತದೆ. ಒಂದು ಕಾಲಾಳಿನ ಆಸೆಗೆ ಇಷ್ಟು ದಂಡ.

ಹಾಗಂತ ಹೊಡೆಯುವುದೇ ತಪ್ಪಲ್ಲ. ಹಂಪಿಯಂಥ ಅನುಭವಿಗಳು ಆ ಕಾಲಾಳಿಗೆ ಅಂಟಿಕೊಳ್ಳುವುದಿಲ್ಲ. ಬಿಳಿ ಅದನ್ನು ವಾಪಸ್ ಪಡೆಯಲು ನಡೆ ಖರ್ಚು ಮಾಡುವಾಗ ತಮ್ಮ ಕಾಯಿಗಳನ್ನು ಹೊರಗೆ ತರುತ್ತಾರೆ, ಆಮೇಲೆ ಸಿ5 ಅಥವಾ ಇ5 ಆಡಿ ಬಿಳಿಯ ನಡುವಿಗೇ ಪೆಟ್ಟು ಕೊಡುತ್ತಾರೆ.

ಬಟುಮಿಯ ಆ ಆಟ ಡ್ರಾ ಆಯಿತು. ಮರುದಿನದ್ದೂ ಡ್ರಾ. ಜುಲೈ 28ರ ಟೈಬ್ರೇಕ್‌ನ ಎರಡನೇ ಆಟದಲ್ಲಿ ಬಿಳಿ ಹಂಪಿಯವರ ಪಾಲಿಗೆ ಬಂತು. ಅವರು ಆಡಿದ್ದು ಕೆಟಲನ್ ಓಪನಿಂಗ್. ಅದರಲ್ಲೂ ಸಿ4ರ ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡುವುದೇ ಪದ್ಧತಿ. ಆ ಆಟವನ್ನು ಕಪ್ಪು ಕಾಯಿಗಳಲ್ಲಿ ಗೆದ್ದ ದಿವ್ಯಾ ವಿಶ್ವಕಪ್ಪನ್ನೂ ಗೆದ್ದು, ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು.