ಹರಿಕೇನ್‌ಗೆ ಮೊದಲು ಹಿತ್ತಲು: ಕಡಿಯುವ ಕಾಲ ಬೇರೆ, ಎತ್ತಿಡುವ ಕಾಲ ಬೇರೆ

ಅಟ್ಲಾಂಟಿಕ್ ಹರಿಕೇನ್ (ಚಂಡಮಾರುತ) ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಅಬ್ಬರ ಹೆಚ್ಚುವುದು ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ. ಫ್ಲಾರಿಡಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಅನೇಕರು ಬಿರುಗಾಳಿಯ ಹಾದಿಯ ನಕ್ಷೆ ಟಿ.ವಿ.ಯಲ್ಲಿ ಬಂದ ಮೇಲೆ ಗರಗಸ ಹುಡುಕುತ್ತಾರೆ. ಆ ಹೊತ್ತಿನಲ್ಲಿ ಕೊಂಬೆ ಕಡಿಯುವುದು ಕಡಿಯದೆ ಬಿಡುವುದಕ್ಕಿಂತ ಅಪಾಯ. ಮರದಲ್ಲಿರುವ ಕೊಂಬೆ ತಡೆದುಕೊಂಡರೂ ತಡೆದುಕೊಂಡೀತು. ಕಡಿದು ರಸ್ತೆಯಂಚಿಗೆ ರಾಶಿ ಹಾಕಿದ್ದು ಹಾರುತ್ತದೆ, ಇಲ್ಲವೇ ತೇಲಿಹೋಗಿ ಮೋರಿಯ ಬಾಯಿ ಕಟ್ಟುತ್ತದೆ. ಗಾಳಿ ಏರುವ ಮೊದಲೇ ಕಸದ ಗಾಡಿಗಳು ನಿಂತಿರುತ್ತವೆ. 2024ರಲ್ಲಿ ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್ ಬಂದವು. ಟ್ಯಾಂಪಾ ಕೊಲ್ಲಿಯ ಊರುಗಳಲ್ಲಿ ಹಗಲೂ ರಾತ್ರಿ ಸಾಗಿಸಿದರೂ ಹೆಲೀನ್‌ನ ಕಸ ಪೂರ್ತಿ ಖಾಲಿಯಾಗುವ ಮೊದಲೇ ಮಿಲ್ಟನ್ ಬಡಿಯಿತು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 120 ಕಿ.ಮೀ. ಗಾಳಿ, ಅಂದರೆ ಒಂದನೇ ದರ್ಜೆಯ ಹರಿಕೇನ್, ಎದುರಿಗೆ ಸಿಕ್ಕ ಪ್ರತಿ ಚದರ ಮೀಟರಿನ ಮೇಲೂ ಸುಮಾರು 70 ಕಿಲೋ ಭಾರ ಹೇರುತ್ತದೆ. 240 ಕಿ.ಮೀ. ಆದಾಗ ಅದು 280 ಕಿಲೋ. ಹಿತ್ತಲಿನ ಮೇಜು, ಸಡಿಲ ಬೇಲಿಯ ಹಲಗೆ, ಮಕ್ಕಳ ಟ್ರ್ಯಾಂಪೊಲಿನ್ ಯಾವುದೂ ಇದಕ್ಕೆ ನಿಲ್ಲುವುದಿಲ್ಲ. ಸಣ್ಣ ಕಲ್ಲೂ ಸಣ್ಣದಲ್ಲ: 1983ರಲ್ಲಿ ಅಲಿಸಿಯಾ ಹರಿಕೇನ್ ಬಂದಾಗ ಹ್ಯೂಸ್ಟನ್‌ನ ಎತ್ತರದ ಕಟ್ಟಡಗಳ ಗಾಜು ಒಡೆಯಲು ಸುತ್ತಲಿನ ಚಾವಣಿಗಳ ಮೇಲೆ ಹರಡಿದ್ದ ಜಲ್ಲಿಯೂ ಕಾರಣವಾಗಿತ್ತು. ಕಿಟಕಿಯ ಬುಡದಲ್ಲಿ ಅಲಂಕಾರಕ್ಕೆ ಬೆಣಚುಕಲ್ಲು ಹರಡಿದ್ದರೆ ತೆಗೆದು ಮರದ ಚಕ್ಕೆ ಹಾಕಿ.

ಕಡಿಯುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಮೊದಲು ಒಣಕೊಂಬೆ, ಆಮೇಲೆ ಸೂರಿನ ಮೇಲೆ ಚಾಚಿದ್ದು, ಕೊನೆಗೆ ಜೋಡಿ ಕಾಂಡ. ಬುಡದಿಂದ ಒಂದೇ ದಪ್ಪದ ಎರಡು ಕಾಂಡ ಇಕ್ಕಟ್ಟಾಗಿ ಎದ್ದು, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಮರ ಬೆಸೆದಿರುವುದೇ ಇಲ್ಲ, ಸೀಳುವುದು ಅಲ್ಲೇ. ಮರ ಎಳೆಯದಾಗಿದ್ದಾಗಲೇ ಒಂದು ಕಾಂಡವನ್ನು ಗಿಡ್ಡ ಮಾಡುತ್ತ ಬಂದು ಇನ್ನೊಂದನ್ನು ಮುಖ್ಯವಾಗಿಸಬೇಕು. ಒಂದು ವರ್ಷದಲ್ಲಿ ಎಲೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಒಳಗಿನ ರೆಂಬೆಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಸೊಪ್ಪು ಉಳಿಸುವವರಿದ್ದಾರೆ. ಆಗ ಭಾರವೆಲ್ಲ ತುದಿಗೆ ಸೇರಿ ಕೊಂಬೆ ಬೇಗ ಮುರಿಯುತ್ತದೆ.

ದಪ್ಪ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ ಒಂದೂವರೆ ಅಡಿ ಆಚೆ, ಅಡಿಯಿಂದ ಮೇಲಕ್ಕೆ, ದಪ್ಪದ ಮೂರರಲ್ಲಿ ಒಂದು ಭಾಗದಷ್ಟು ಕೊಯ್ಯಿರಿ. ಅದರಿಂದ 2-3 ಅಂಗುಲ ಹೊರಗೆ ಮೇಲಿನಿಂದ ಪೂರ್ತಿ ಕೊಯ್ದರೆ ಭಾರ ಕಳಚಿ ಬೀಳುತ್ತದೆ, ತೊಗಟೆ ಕಾಂಡದವರೆಗೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಕೊಂಬೆ ಕಾಂಡ ಸೇರುವಲ್ಲಿ ಉಬ್ಬಿರುವ ಉಂಗುರದ ಹೊರಗೆ ತೆಗೆಯಿರಿ. ಆ ಉಂಗುರ ಹೋದರೆ ಗಾಯ ಮುಚ್ಚದೆ ಕೊಳೆ ಒಳಗಿಳಿಯುತ್ತದೆ. ಬಣ್ಣ, ಟಾರು ಬಳಿಯುವ ಅಗತ್ಯವಿಲ್ಲ.

ತಾಳೆ ಜಾತಿಯ ಮರಗಳಿಗೆ ಇಲ್ಲಿ ಪ್ರತಿ ವರ್ಷ ಅನ್ಯಾಯವಾಗುತ್ತದೆ. ‘ಹರಿಕೇನ್ ಕಟ್’ ಎಂದು ಹಸಿರು ಗರಿಗಳನ್ನೆಲ್ಲ ಸವರಿ ನೆತ್ತಿಯಲ್ಲಿ ನಾಲ್ಕಾರು ಬಿಡುತ್ತಾರೆ. ಸುಳಿಗೆ ಆಸರೆ ಈ ಗರಿಗಳೇ. ಅವು ಹೋದ ಮರದ ಸುಳಿ ಗಾಳಿಗೆ ಬೇಗ ಮುರಿಯುತ್ತದೆ, ಸುಳಿ ಹೋದರೆ ಮರವೇ ಹೋಯಿತು. ಮರದ ತಲೆಯನ್ನು ಗಡಿಯಾರ ಎಂದುಕೊಂಡರೆ 9 ಮತ್ತು 3ರ ಗೆರೆಯ ಮೇಲಿನದನ್ನು ಮುಟ್ಟಬೇಡಿ. ಕೆಳಗೆ ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ತೆಂಗಿನ ಮರದಲ್ಲಿ ಕಾಯಿಗೊನೆ ಇಳಿಸಲೇಬೇಕು.

ನಮ್ಮವರ ಹಿತ್ತಲಿನ ನುಗ್ಗೆ ಬಲು ಬೇಗ ಮುರಿಯುವ ಮರ. ಅದನ್ನು ನಾಲ್ಕು ಅಡಿಗೆ ಕಡಿದರೂ ಚಿಗುರುತ್ತದೆ, ಹಿಂಜರಿಯಬೇಡಿ. ಮಾವು ಮಾತ್ರ ಮೇ ತಿಂಗಳ ಗಡುವಿಗೆ ಹೊರತು: ಕೊಯ್ಲು ಮುಗಿದ ಕೂಡಲೇ ಸವರಿ 12-15 ಅಡಿಯಲ್ಲೇ ಇಟ್ಟುಕೊಳ್ಳಿ. ಕೀಟ್‌ನಂಥ ತಡದ ತಳಿಯಲ್ಲಿ ಹರಿಕೇನ್ ಋತುವಿನ ನಡುವೆಯೂ ಕಾಯಿ ಇರುತ್ತದೆ. ಬಲಿತದ್ದನ್ನು ಕಿತ್ತು ಒಳಗೆ ಹಣ್ಣು ಮಾಡಿ.

ಲೈವ್ ಓಕ್, ಸೇಬಲ್ ಪಾಮ್ ಗಾಳಿಗೆ ಗಟ್ಟಿ. ಲಾರೆಲ್ ಓಕ್, ವಾಟರ್ ಓಕ್, ಕ್ವೀನ್ ಪಾಮ್ ಅಷ್ಟಲ್ಲ. ಮನೆಗೆ ಒತ್ತಿಕೊಂಡ ಹಳೆಯ ಲಾರೆಲ್ ಓಕ್ ಇದ್ದರೆ ಐಎಸ್‌ಎ (ಮರಪಾಲನೆಯ ಅಂತರರಾಷ್ಟ್ರೀಯ ಸಂಘ) ಪ್ರಮಾಣಿತ ಆರ್ಬೊರಿಸ್ಟ್‌ಗೆ, ಅಂದರೆ ಮರತಜ್ಞರಿಗೆ, ತೋರಿಸಿ. ವಾಸದ ಮನೆಯ ಮರ ಅಪಾಯಕಾರಿ ಎಂದು ಅವರು ಬರೆದುಕೊಟ್ಟರೆ ಕಡಿಯಲು ಊರಾಡಳಿತದ ಪರವಾನಗಿ ಬೇಡ ಎಂದು ಫ್ಲಾರಿಡಾದ ಕಾನೂನಿದೆ. ಮ್ಯಾಂಗ್ರೋವ್‌ಗೆ ಬೇರೆಯೇ ಕಾನೂನು, ಕೈ ಹಾಕಬೇಡಿ. ವಿದ್ಯುತ್ ತಂತಿಯಿಂದ 10 ಅಡಿಯೊಳಗಿನ ಕೊಂಬೆ ನಿಮ್ಮ ಕೆಲಸವಲ್ಲ, ವಿದ್ಯುತ್ ಕಂಪನಿಗೆ ಫೋನ್ ಮಾಡಿ.

ಚಾವಣಿಯಂಚಿನ ಗಟರ್‌ನಿಂದ ಎಲೆ ಬಾಚಿದರೆ ಅರ್ಧ ಕೆಲಸ. ಪೈಪಿನ ನೀರು ಬಿಟ್ಟು ಕೆಳಗೆ ಸರಾಗ ಬರುತ್ತದೆಯೇ ನೋಡಿ. ಕೊಳವೆ ಕಟ್ಟಿದ್ದರೆ ನೀರು ಹಿಂದೆ ಏರಿ ಸೂರಿನಂಚಿನ ಹಲಗೆಯೊಳಗೆ ಇಳಿಯುತ್ತದೆ.

ಹರಿಕೇನ್‌ಗಿಂತ ಕಡಿಮೆ ಬಲದ ‘ಟ್ರಾಪಿಕಲ್ ಸ್ಟಾರ್ಮ್’ ಗಾಳಿ ಬರುವುದಕ್ಕೆ ಸುಮಾರು 48 ಗಂಟೆ ಮೊದಲು ಹರಿಕೇನ್ ವಾಚ್ (ಹರಿಕೇನ್ ಬರಬಹುದು ಎಂಬ ಸೂಚನೆ), 36 ಗಂಟೆ ಮೊದಲು ವಾರ್ನಿಂಗ್ (ಬರಲಿದೆ ಎಂಬ ಎಚ್ಚರಿಕೆ) ಹೊರಡುತ್ತದೆ. ವಾಚ್ ಬಂದಾಗ ಗರಗಸ ಮುಟ್ಟಬೇಡಿ, ಎತ್ತಿಡುವ ಕೆಲಸ ಮಾಡಿ. ಕುಂಡ, ಕುರ್ಚಿ, ತುಳಸಿಕಟ್ಟೆಯ ಬಿಡಿ ಇಟ್ಟಿಗೆ, ಹಕ್ಕಿಗೆ ನೀರಿಡುವ ತಟ್ಟೆ ಎಲ್ಲವೂ ಗ್ಯಾರೇಜಿಗೆ. ಗ್ರಿಲ್ ಒಳಗೆ ಬರಬಹುದು, ಅದರ ಗ್ಯಾಸ್ ಸಿಲಿಂಡರ್ ಬರಬಾರದು: ವಾಲ್ವ್ ಮುಚ್ಚಿ, ಹೊರಗೇ ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ. ಈಜುಕೊಳ ಖಾಲಿ ಮಾಡಬೇಡಿ, ನೆಲದ ನೀರು ಉಕ್ಕಿದರೆ ಬರಿದಾದ ತೊಟ್ಟಿಯೇ ಮೇಲೇಳುತ್ತದೆ. ಹಿತ್ತಲಿನ ನಾಲ್ಕೂ ಮೂಲೆಯ ಫೋಟೊ ತೆಗೆದಿಡಿ, ವಿಮೆಗೆ ಬೇಕಾಗುತ್ತದೆ.

ಗಾಳಿ ನಿಂತ ಮೇಲೆ ಕೊಂಬೆ-ಸೊಪ್ಪು ಒಂದು ರಾಶಿ, ಮುರಿದ ಬೇಲಿ-ಹಲಗೆ ಇನ್ನೊಂದು, ಫ್ರಿಜ್‌ನಂಥವು ಮತ್ತೊಂದು. ಬೆರಕೆಯಾದ ರಾಶಿಯನ್ನು ಗಾಡಿಯವರು ಬಿಟ್ಟುಹೋಗಬಹುದು. ರಾಶಿಯನ್ನು ರಸ್ತೆಯಂಚಿಗೇ ತರಬೇಕು, ಆದರೆ ಅಗ್ನಿಶಾಮಕದ ನಲ್ಲಿ, ನೀರಿನ ಮೀಟರ್, ಮೋರಿಯ ಬಾಯಿ ಬಿಟ್ಟು. ಮೇಲೆ ತಂತಿಯಾಗಲಿ ಕೊಂಬೆಯಾಗಲಿ ಇರಬಾರದು, ಯಂತ್ರದ ಕೈ ಅಲ್ಲಿ ಆಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಎಲೆಯನ್ನು ಎಷ್ಟೋ ಕೌಂಟಿಗಳು (ಅಲ್ಲಿನ ಜಿಲ್ಲಾಡಳಿತಗಳು) ತೆಗೆದುಕೊಳ್ಳುವುದಿಲ್ಲ. ನಿಮ್ಮ ಕೌಂಟಿಯ ನಿಯಮವನ್ನು ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ.