ಕುದಿಸಿ ಕೊಂದರೂ ಬಿಡದ ಜ್ವರ

ನೂರು ವರ್ಷದ ಹಿಂದೆ ರಕ್ತನಾಳಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಒಮ್ಮೊಮ್ಮೆ ಚಳಿ ಹತ್ತಿ, ಗಡಗಡ ನಡುಗಿ, ಜ್ವರ ಏರುತ್ತಿತ್ತು. ಔಷಧ ಬೆರೆಸಿದ್ದು ಭಟ್ಟಿ ಇಳಿಸಿದ ನೀರಿನಲ್ಲೇ. 1920ರ ದಶಕದಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಕಾರಣ ಪತ್ತೆ ಮಾಡಿದರು: ಆವಿಯ ಜೊತೆ ಹಾರಿಬರುವ ಸಣ್ಣ ಹನಿಗಳಲ್ಲಿ ಬ್ಯಾಕ್ಟೀರಿಯಾದ ಚೂರುಪಾರು ಇರುತ್ತಿತ್ತು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಈ ಚೂರು ಮಾತ್ರ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಗಾಜಿನ ಸೀಸೆಗೆ ಅಂಟಿದ್ದನ್ನು ಕಳೆಯಲು ಔಷಧ ಕಾರ್ಖಾನೆಗಳು ಇಂದಿಗೂ 250 ಡಿಗ್ರಿ ಸೆಲ್ಸಿಯಸ್ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡುತ್ತವೆ.

ಇದೇ ಎಂಡೋಟಾಕ್ಸಿನ್, ಅಂದರೆ ಒಳವಿಷ. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಗಿನಿಪಿಗ್‌ಗಳಿಗೆ ಚುಚ್ಚಿದಾಗಲೂ ಅವು ಸತ್ತವು. ವಿಷ ಜೀವಕೋಶದೊಳಗೆ ಅಡಗಿದೆ ಎಂದುಕೊಂಡು ಆ ಹೆಸರಿಟ್ಟರು. ನಿಜಕ್ಕೂ ಅದಿರುವುದು ಹೊರಮೈಯಲ್ಲಿ. ನನ್ನ ಕೇಳಿದರೆ ‘ವಿಷ’ ಎಂಬುದೂ ಅಷ್ಟು ಸರಿಯಲ್ಲ.

ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾವನ್ನೇ ನೋಡಿ. ಅದರ ಹೊರಪೊರೆಯಲ್ಲಿ ಈ ಅಣುಗಳು ಒತ್ತೊತ್ತಾಗಿ ನಿಂತಿವೆ. ಬುಡದಲ್ಲಿ ಲಿಪಿಡ್ ಎ: ಜೋಡಿ ಸಕ್ಕರೆ, ಎರಡು ಫಾಸ್ಫೇಟ್, ಪೊರೆಯೊಳಗೆ ನೆಟ್ಟ ಆರು ಕೊಬ್ಬಿನ ಬಾಲ. ಅದರ ಮೇಲೆ ಸಕ್ಕರೆಗಳದೊಂದು ಗಂಟು, ಅನೇಕ ತಳಿಗಳಲ್ಲಿ ಅದಕ್ಕೂ ಮೇಲೆ ಉದ್ದನೆಯ ಸಕ್ಕರೆ ಸರಪಣಿ. ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಅಕ್ಕಪಕ್ಕದ ಫಾಸ್ಫೇಟುಗಳನ್ನು ಹೊಲಿದಂತೆ ಬಿಗಿಯುತ್ತವೆ. ಕರುಳಿನ ಪಿತ್ತರಸ, ಎಷ್ಟೋ ಆ್ಯಂಟಿಬಯಾಟಿಕ್‌ಗಳು ಒಳಗೆ ನುಸುಳಲಾರವು. ಬ್ಯಾಕ್ಟೀರಿಯಾಕ್ಕೆ ಇದು ಆಯುಧವಲ್ಲ, ಮೈಗಾವಲು.

ಜ್ವರ ತರಿಸುವುದು ನಮ್ಮದೇ ದೇಹ. ನಮ್ಮ ರಕ್ಷಕ ಕೋಶಗಳ ಮೇಲೆ ಎಂಡೋಟಾಕ್ಸಿನ್ ಗುರುತು ಹಿಡಿಯುವ ಟಿಎಲ್ಆರ್4 ಎಂಬ ಪ್ರೋಟೀನ್ ಇದೆ. ಜೊತೆಗಾರ ಎಂಡಿ-2ನದು ಜೇಬಿನಂಥ ಆಕಾರ. ಲಿಪಿಡ್ ಎಯ ಐದು ಬಾಲ ಆ ಜೇಬಿನೊಳಗೆ ಇಳಿಯುತ್ತವೆ. ಹೊರಗುಳಿದ ಆರನೆಯದು ಪಕ್ಕದ ಟಿಎಲ್ಆರ್4 ಅನ್ನು ಎಳೆದು ಜೋಡಿ ಮಾಡುತ್ತದೆ. ಅಲ್ಲಿಗೆ ಗದ್ದಲ ಶುರು: ಜ್ವರ, ಉರಿಯೂತ, ಮಿತಿಮೀರಿದರೆ ರಕ್ತದೊತ್ತಡ ಕುಸಿದು ಸಾವು. ಅಮೆರಿಕದ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ತಂಡ 1998ರಲ್ಲಿ ತೋರಿಸಿದಂತೆ, ಎಂಡೋಟಾಕ್ಸಿನ್‌ಗೆ ಜಗ್ಗದ ಒಂದು ತಳಿಯ ಇಲಿಗಳಲ್ಲಿ ಈ ಟಿಎಲ್ಆರ್4 ಜೀನೇ ಕೆಟ್ಟಿತ್ತು. ಅದೃಷ್ಟವಂತ ಇಲಿಗಳು ಅನ್ನೋಣವೇ? ಅವು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ.

ಪ್ಲೇಗ್ ಬ್ಯಾಕ್ಟೀರಿಯಾ ಇಲ್ಲೇ ಕೈಚಳಕ ತೋರಿಸುತ್ತದೆ. ಚಿಗಟದ ತಣ್ಣನೆಯ ಮೈಯಲ್ಲಿದ್ದಾಗ ಅದರ ಲಿಪಿಡ್ ಎಗೂ ಆರು ಬಾಲ ಇರುತ್ತವೆ. ಮನುಷ್ಯನ 37 ಡಿಗ್ರಿಗೆ ಬಂದೊಡನೆ ಹೆಚ್ಚಾಗಿ ನಾಲ್ಕೇ ಬಾಲದ್ದನ್ನು ಕಟ್ಟತೊಡಗುತ್ತದೆ. ಟಿಎಲ್ಆರ್4ಗೆ ಸುಳಿವೇ ಹತ್ತುವುದಿಲ್ಲ. 2006ರಲ್ಲಿ ವಿಜ್ಞಾನಿಗಳು ಇ. ಕೋಲೈಯ ಒಂದು ಜೀನ್ ಸೇರಿಸಿ, ಪ್ಲೇಗ್ ಬ್ಯಾಕ್ಟೀರಿಯಾ 37 ಡಿಗ್ರಿಯಲ್ಲೂ ಆರು ಬಾಲ ಬೆಳೆಸುವಂತೆ ಮಾಡಿದರು. ಅದನ್ನು ಚುಚ್ಚಿಸಿಕೊಂಡ ಇಲಿಗಳು ಬದುಕಿದವು.