ಬಸ್ಸಿನ ನೆಲ ಕೆಳಗಿಳಿದ ಬಗೆ

ಹಳೆಯ ಮಾದರಿಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 90 ಸೆಂ.ಮೀ. ಮೇಲಿರುತ್ತದೆ, ಬಾಗಿಲಲ್ಲಿ ಎರಡೋ ಮೂರೋ ಮೆಟ್ಟಿಲು. ಲಾರಿಯ ಚಾಸಿಸ್ (ಅಡಿಚೌಕಟ್ಟು) ಮೇಲೆಯೇ ಬಸ್ಸನ್ನೂ ಕಟ್ಟುತ್ತಿದ್ದ ಕಾಲದ ಎತ್ತರ ಅದು: ಎಡಬಲ ಚಕ್ರಗಳನ್ನು ಜೋಡಿಸುವ ಆಕ್ಸಲ್ (ಅಚ್ಚು) ಮೇಲೆ ಉಕ್ಕಿನ ತೊಲೆ, ತೊಲೆಯ ಮೇಲೆ ನೆಲ. ಲೋ-ಫ್ಲೋರ್ ಬಸ್ಸಿನಲ್ಲಿ ಬಾಗಿಲ ಬಳಿಯ ನೆಲ 32ರಿಂದ 37 ಸೆಂ.ಮೀ.ಗೆ ಇಳಿದಿದೆ. ಆದರೆ 22.5 ಇಂಚಿನ ರಿಮ್ಮಿಗೆ ಕೂರುವ ಟೈರಿನ ನಡುಮಧ್ಯವೇ ರಸ್ತೆಯಿಂದ ಸುಮಾರು 47 ಸೆಂ.ಮೀ. ಮೇಲಿದೆ. ಚಕ್ರದ ಕೇಂದ್ರಕ್ಕಿಂತ ಕೆಳಗೆ ಜನ ಓಡಾಡಬೇಕೆಂದರೆ, ಅಲ್ಲಿ ಅಡ್ಡಲಾಗಿ ಮಲಗಿರುವ ಆಕ್ಸಲ್ಲನ್ನು ಏನು ಮಾಡುವುದು?

ಮುಂಚಕ್ರಗಳ ಆಕ್ಸಲ್ ಸುಲಭ. ಅದು ಎಂಜಿನ್ನಿನ ಬಲ ಹೊರುವುದಿಲ್ಲ, ಹಾಗಾಗಿ ತೊಲೆಯನ್ನು ನಡುವೆ ಕೆಳಕ್ಕೆ ಬಾಗಿಸಬಹುದು, ಇಲ್ಲವೇ ಎರಡು ಚಕ್ರಗಳಿಗೂ ಬೇರೆಬೇರೆ ಸಸ್ಪೆನ್ಷನ್ ಕೊಡಬಹುದು. ಕಷ್ಟವಿರುವುದು ಹಿಂದೆ. ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಗುಂಡು ಮಾಮೂಲಿ ಆಕ್ಸಲ್ಲಿನಲ್ಲಿ ಜನ ನಡೆಯಬೇಕಾದ ಜಾಗದಲ್ಲೇ ಉಬ್ಬಿ ನಿಂತಿರುತ್ತದೆ. ಇದಕ್ಕೆ ಸಿಕ್ಕ ಉತ್ತರ ಪೋರ್ಟಲ್ ಆಕ್ಸಲ್. ಇದರಲ್ಲಿ ಡಿಫರೆನ್ಷಿಯಲ್ ಒಂದು ಬದಿಗೆ ಸರಿಯುತ್ತದೆ. ಅಡ್ಡ ಶಾಫ್ಟುಗಳು ಚಕ್ರದ ಕೇಂದ್ರಕ್ಕಿಂತ ಕೆಳಗೆ ಸಾಗುತ್ತವೆ, ತುದಿಯಲ್ಲಿ ಗೇರುಗಳು ಆ ತಿರುಗುಬಲವನ್ನು ಮೇಲಕ್ಕೆತ್ತಿ ಚಕ್ರದ ನಡುಭಾಗವಾದ ಹಬ್‌ಗೆ ಮುಟ್ಟಿಸುತ್ತವೆ. ಬೆಲೆಯೂ ಇದೆ. ಗೇರುಗಳು ಹೆಚ್ಚಾದಷ್ಟೂ ಸದ್ದು, ಶಾಖ, ಆಯಿಲ್ ಸೀಲುಗಳ ಸೋರಿಕೆ ಹೆಚ್ಚು.

ನೆಲ ಇಳಿಸುವ ಪ್ರಯತ್ನ ತೀರಾ ಹಳೆಯದು. ಲಂಡನ್ನಿಗಾಗಿ ಎಇಸಿ ಕಂಪನಿ 1923ರಲ್ಲಿ ತಂದ ಎನ್‌ಎಸ್ ಮಾದರಿಯಲ್ಲೇ ಚಾಸಿಸ್ಸಿನ ತೊಲೆಗಳನ್ನು ಬಾಗಿಸಿ ನೆಲ ತಗ್ಗಿಸಲಾಗಿತ್ತು. 1949ರ ಬ್ರಿಸ್ಟಲ್ ಲೋಡೆಕ್ಕಾ ಡಬಲ್ ಡೆಕ್ಕರಿನಲ್ಲಿ ಹಿಂದಿನ ಆಕ್ಸಲ್ಲೇ ನಡುವೆ ಕೆಳಗಿಳಿಯಿತು. ಅದರ ಉದ್ದೇಶ ತಗ್ಗು ಸೇತುವೆಗಳಡಿ ನುಸುಳುವುದು. ಹತ್ತುವವರ ಮಂಡಿಗೆ ಆರಾಮ ಸಿಕ್ಕಿದ್ದು ಅದರ ಜೊತೆಗೆ ಬಂದ ಲಾಭ. ಜರ್ಮನಿಯ ನಿಯೋಪ್ಲಾನ್ ಕಂಪನಿ 1976ರಲ್ಲಿ ಎನ್ 814 ಎಂಬ ಲೋ-ಫ್ಲೋರ್ ಬಸ್ಸು ಹೊರತಂದಿತು. ಆದರೂ ದೊಡ್ಡ ತಯಾರಕರು ಮನಸ್ಸು ಮಾಡಿದ್ದು 1980ರ ದಶಕದ ಕೊನೆಗೆ, ಮ್ಯಾನ್ ಮತ್ತು ಮರ್ಸಿಡಿಸ್ ತಮ್ಮ ಸಿಟಿ ಬಸ್ಸುಗಳ ನೆಲ ತಗ್ಗಿಸಿದಾಗ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಲೋ-ಫ್ಲೋರ್ ಬಸ್ಸನ್ನೇ ಕೇಳಲಿಲ್ಲ, ಎತ್ತರದ ಬಸ್ಸಿಗೆ ಲಿಫ್ಟ್ ಹಾಕಿದರೂ ನಡೆಯುತ್ತಿತ್ತು. ಆದರೆ ಲಿಫ್ಟಿಗೆ ಹೈಡ್ರಾಲಿಕ್ ಪಂಪು, ಸೆನ್ಸರು, ವೈರಿಂಗ್ ಎಲ್ಲವೂ ಬೇಕು, ಒಂದು ಕೆಟ್ಟರೂ ಗಾಲಿಕುರ್ಚಿಯಲ್ಲಿರುವವರು ನಿಲ್ದಾಣದಲ್ಲೇ ಉಳಿಯುತ್ತಾರೆ. ಕೈಯಿಂದ ಮಗುಚುವ ರ‍್ಯಾಂಪ್ ಅಂದರೆ ಒಂದು ಹಲಗೆ, ಒಂದು ಕೀಲು. ಕೀಲಿನ ಸಂದಿಯಲ್ಲಿ ಮಣ್ಣು ಸೇರಿ ಬಿಗಿಯುವುದೇ ಅದರ ಮುಖ್ಯ ಕಾಯಿಲೆ, ಗುಡಿಸಿದರೆ ವಾಸಿ.

ರ‍್ಯಾಂಪಿನ ಲೆಕ್ಕ ನೋಡಿ. ನೆಲ 34 ಸೆಂ.ಮೀ. ಇದ್ದು, ಬಾಗಿಲ ಬದಿಯ ಏರ್ ಬೆಲ್ಲೋಸ್‌ನಿಂದ (ಸಸ್ಪೆನ್ಷನ್ನಿನ ಗಾಳಿಚೀಲ) ಗಾಳಿ ಬಿಟ್ಟು ಬಸ್ಸು 7 ಸೆಂ.ಮೀ. ವಾಲಿದರೆ ಉಳಿಯುವುದು 27. ಫುಟ್‌ಪಾತ್ 15 ಸೆಂ.ಮೀ. ಇದ್ದರೆ ದಾಟಬೇಕಾದ ಎತ್ತರ ಕೇವಲ 12, ಒಂದು ಮೀಟರ್ ರ‍್ಯಾಂಪಿನಲ್ಲಿ ಶೇ. 12ರ ಇಳಿಜಾರು. ಫುಟ್‌ಪಾತೇ ಇಲ್ಲದಲ್ಲಿ ಅದು ಶೇ. 27 ಆಗುತ್ತದೆ, ಗಾಲಿಕುರ್ಚಿಯನ್ನು ಒಬ್ಬರೇ ತಳ್ಳಿ ಹತ್ತಿಸುವುದು ದುಸ್ತರ.

ನೆಲದಡಿ ಇದ್ದದ್ದೆಲ್ಲ ಬೇರೆ ಜಾಗ ಹುಡುಕಬೇಕಾಯಿತು. ಪೂರ್ತಿ ತಗ್ಗು ನೆಲದ ಬಸ್ಸುಗಳಲ್ಲಿ ಎಂಜಿನ್ ಹಿಂಬದಿಯ ಮೂಲೆಗೆ ಹೋಯಿತು, ಅಲ್ಲಿ ಗಾಳಿಯಾಡದೆ ಬಿಸಿಯಾಗುವ ತೊಂದರೆ ಅಂಟಿಕೊಂಡಿತು. ಚಕ್ರಗೂಡುಗಳು ಒಳಗೇ ಎದ್ದು ನಿಂತವು, ಸೀಟುಗಳು ಕಡಿಮೆಯಾದವು. ಹಲವು ಸಂಸ್ಥೆಗಳು ನಡುಬಾಗಿಲವರೆಗೆ ಮಾತ್ರ ತಗ್ಗು ನೆಲ, ಹಿಂದೆ ಮೆಟ್ಟಿಲು ಮತ್ತು ಮಾಮೂಲಿ ಆಕ್ಸಲ್ ಇರುವ ಲೋ-ಎಂಟ್ರಿ ಬಸ್ಸನ್ನು ಆರಿಸಿಕೊಂಡದ್ದು ಇದಕ್ಕೇ. ಖರ್ಚಿನ ದೃಷ್ಟಿಯಿಂದ ಅದು ಸರಿ, ಆದರೆ ಜನ ಮುಂದೆಯೇ ಗುಂಪುಗಟ್ಟಿ ನಿಲ್ಲುವುದರಿಂದ ನಿಲ್ದಾಣದಲ್ಲಿ ಸಮಯ ಹಾಳು.

ಇಷ್ಟೆಲ್ಲ ಮಾಡಿದ ಮೇಲೂ ಚಾಲಕ ಫುಟ್‌ಪಾತಿನಿಂದ ಅರ್ಧ ಮೀಟರ್ ಆಚೆ ನಿಲ್ಲಿಸಿದರೆ ಪ್ರಯಾಣಿಕರು ರಸ್ತೆಗಿಳಿದೇ ಹತ್ತಬೇಕು. ಜರ್ಮನಿಯ ಕಾಸೆಲ್ ನಗರದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಅಂಚುಕಲ್ಲು ಇದಕ್ಕೆಂದೇ ಬಂದದ್ದು. ಅದರ ಬುಡ ಒಳಬಾಗಿದೆ. ಟೈರು ಅದಕ್ಕೆ ತಗುಲಿದರೆ ಉಜ್ಜಿ ಹರಿಯುವ ಬದಲು ಆ ಬಾಗಿನಲ್ಲೇ ಜಾರಿ ನೇರವಾಗುತ್ತದೆ, ಚಾಲಕ ಟೈರಿನ ಭಯವಿಲ್ಲದೆ ಅಂಚಿಗೆ ಒತ್ತಿ ನಿಲ್ಲಿಸಬಹುದು.